ಜೋಡುನಳಿಗೆಯ ಒಳಗು

ಕನ್ನಡದಲ್ಲಿ ‘ಕೋವಿ’ಯೆಂದರೆ ಬಂದೂಕವೂ ಹೌದು, ಟೊಳ್ಳಾದ ಕೊಳವೆಯೂ ಹೌದು. ಇಂಗ್ಲೆಂಡಿನ ದುಬಾರಿ ಜೋಡುನಳಿಗೆಯ ರೈಫಲ್ಲುಗಳ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಈ ಎರಡನೆಯ ಅರ್ಥವೇ ಮುಖ್ಯವೆನಿಸುತ್ತದೆ.

1898ರ ಸುಮಾರಿಗೆ ರಿಗ್ಬಿ ಸಂಸ್ಥೆಯು .450 ನೈಟ್ರೋ ಎಕ್ಸ್‌ಪ್ರೆಸ್ ತೋಟೆಯನ್ನು ಬಳಕೆಗೆ ತಂದಿತು. ಕಾರ್ಡೈಟ್ ಮದ್ದಿನ ಉರಿ ನಳಿಗೆಯ ಕಂಠವನ್ನು ಸವೆಸುತ್ತಿತ್ತು. ಅಂದಿನ ಕ್ಯಾಪಿನಲ್ಲಿದ್ದ ಕ್ಲೋರೇಟು ಸುಟ್ಟು ಉಪ್ಪನ್ನು ಉಳಿಸುತ್ತಿತ್ತು. ಆ ಉಪ್ಪು ತೇವವನ್ನು ಸೆಳೆದು ಒಳಗೆಲ್ಲ ತುಕ್ಕಿನ ಗುಳಿ ಬೀಳಿಸುತ್ತಿತ್ತು. ಎಣ್ಣೆ ಸವರಿದರೆ ಸಾಲದು, ನೀರಿನಿಂದಲೇ ತೊಳೆಯಬೇಕು. ನಮ್ಮ ದೇಶದ ಮಳೆಗಾಲದಲ್ಲಿ ಅಲ್ಪ ಸೋಮಾರಿತನಕ್ಕೂ ನಳಿಗೆ ಬಲಿಯಾಗುತ್ತಿತ್ತು.

ಇಂಗ್ಲೆಂಡಿನಲ್ಲಿ 1813ರ ಕಾಯಿದೆಯಿಂದ ನಳಿಗೆಗಳ ಬಲಪರೀಕ್ಷೆ ಕಡ್ಡಾಯವಾಯಿತು. ಆದರೆ ಆ ಮುದ್ರೆ ಸಾರುವುದು ಪರೀಕ್ಷೆಯ ದಿನ ನಳಿಗೆ ತಡೆದುಕೊಂಡಿತೆಂದು ಮಾತ್ರ. ಅನಂತರದ ಕಥೆಯನ್ನು ಕಣ್ಣೇ ಓದಬೇಕು. ಬೆಳಕಿಗೆ ಹಿಡಿದಾಗ ಸುರುಳಿಗೀರುಗಳ ಅಂಚು ಚೂಪಾಗಿರಬೇಕು. ಒಳಗೆ ಬಿದ್ದ ನೆರಳಿನ ಗೆರೆ ಎಲ್ಲಿಯೂ ಡೊಂಕಾಗಬಾರದು. ಎರಡು ನಳಿಗೆಯ ಗುಂಡೂ ಒಂದೇ ಕಡೆ ಬೀಳುವಂತೆ ಕುಶಲಿಗರು ಮತ್ತೆ ಮತ್ತೆ ಹಾರಿಸಿ ನೋಡಿ ಹೊಂದಿಸಿದ ಜೋಡಿಯಿದು. ಒಂದು ಕೆಟ್ಟರೆ ಆ ಶ್ರಮವೆಲ್ಲ ವ್ಯರ್ಥ. ಮೈಮೇಲೆ ಬರುವ ಆನೆಯೆದುರು ಎರಡನೆಯ ಗುಂಡು ಕೈಕೊಡಬಾರದೆಂದೇ ಬೇಟೆಗಾರ ಅಷ್ಟು ಹಣ ತೆರುತ್ತಿದ್ದನು.

ಆ ಬೇಟೆಗೆ ನಮ್ಮಲ್ಲಿ 1972ರ ಕಾಯಿದೆ ಕಡಿವಾಣ ಹಾಕಿತು. ಉಕ್ಕಿನ ಮೇಲಣ ಹೂಬಳ್ಳಿಯ ಕೆತ್ತನೆಗೆ ಬೆಲೆ ಕಟ್ಟುವವರು ಇಂದಿಗೂ ಉಂಟು. ಅವರು ಮೊದಲು ಒಳಗೆ ಇಣುಕಿ ನೋಡಲಿ.