ಎಳೆಯುವ ಜೋಡಿಯ ಆಯ್ಕೆ: ಅಂಬಾಜಿದುರ್ಗದ ಸೀಮೆಯಲ್ಲಿ ಸಾಗಣೆಯ ಚರಿತ್ರೆ

ಭಾರ ಎಳೆಯುವ ಎತ್ತುಗಳನ್ನು ಆರಿಸುವ ವಿದ್ಯೆ ಅಂಬಾಜಿದುರ್ಗದ ಸುತ್ತಿನ ಸೀಮೆಯಲ್ಲಿ ಬೇಸಾಯದಷ್ಟೇ ಹಳೆಯದು. ಚಿಂತಾಮಣಿಯ ಪಶ್ಚಿಮಕ್ಕಿರುವ ಈ ಬೆಟ್ಟದ ಎತ್ತರ 4,399 ಅಡಿ. ಟಿಪ್ಪು ಸುಲ್ತಾನ ಇಲ್ಲಿ ಕೋಟೆ ಕಟ್ಟಿಸಿದ. ಹತ್ತಿರದ ರಹಮಾನ್‌ಗಡವೂ ಸ್ವಲ್ಪ ದೂರದ ನಂದಿದುರ್ಗವೂ ಇದೇ ಬಗೆಯ ಬೋಳು ಕಲ್ಲುಬೆಟ್ಟಗಳು. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಈ ಬೆಟ್ಟಸಾಲುಗಳ ನಡುವೆ ಹರಡಿಕೊಂಡಿವೆ. ಪಾಲಾರ್, ಪಾಪಾಗ್ನಿ, ಚಿತ್ರಾವತಿ, ಉತ್ತರ ಪಿನಾಕಿನಿ ಈ ಭಾಗದಲ್ಲೇ ಹುಟ್ಟಿದರೂ ಮಳೆಗಾಲ ಕಳೆದ ಮೇಲೆ ಇಲ್ಲಿ ಅವುಗಳ ಪಾತ್ರದಲ್ಲಿ ಮರಳೇ ಹೆಚ್ಚು. ದೋಣಿಯಲ್ಲಿ ಸರಕು ಸಾಗಿಸುವ ಮಾತು ಇಲ್ಲಿ ಎಂದೂ ಇರಲಿಲ್ಲ. ರಾಗಿ, ಬೆಲ್ಲ, ಕಲ್ಲುಚಪ್ಪಡಿ, ಗೊಬ್ಬರ, ಕೊನೆಗೆ ಕೋಟೆಯ ಫಿರಂಗಿ ಕೂಡ ಎತ್ತಿನ ಬೆನ್ನ ಮೇಲೋ ಹೆಗಲ ಮೇಲೋ ಹೋಗಬೇಕಿತ್ತು. ಬಾವಿಯ ನೀರನ್ನು ಮೇಲೆತ್ತಿದ್ದೂ ಎತ್ತುಗಳೇ. ಕಪಿಲೆಯ ಇಳಿಜಾರಿನಲ್ಲಿ ಹಗ್ಗ ಎಳೆಯುತ್ತ ಇಳಿದು, ಹಿಂದಕ್ಕೆ ಹೆಜ್ಜೆಯಿಟ್ಟು ಮೇಲೇರುತ್ತಿದ್ದ ಜೋಡಿಯೇ ರೈತನ ಪಂಪ್‌ಸೆಟ್.

1800ರಲ್ಲಿ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯನ್ನು ಸುತ್ತುತ್ತ ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ದಾರಿಯಲ್ಲೂ ಬಂದಿದ್ದ. ಚಿಕ್ಕಬಳ್ಳಾಪುರದ ಸಕ್ಕರೆ, ಕಲ್ಲುಸಕ್ಕರೆಗಳ ಬಗ್ಗೆ ಅವನು ವಿವರವಾಗಿ ಬರೆದಿದ್ದಾನೆ. ಇಂಥ ಬೆಲೆಬಾಳುವ ಸರಕು ದೂರದ ಪೇಟೆಗಳಿಗೆ ಹೋಗುತ್ತಿದ್ದುದು ಹೆಚ್ಚಾಗಿ ಹೇರೆತ್ತುಗಳ ಮೇಲೆ. ಬಂಡಿ ಓಡಾಡುವ ರಸ್ತೆ ಆಗ ಕಡಿಮೆ. ಇದ್ದ ಬಂಡಿಗಳು ಹೊಲಕ್ಕೂ ಊರಿಗೂ ನಡುವೆ ಗೊಬ್ಬರ, ತೆನೆ ಹೊರುವುದಕ್ಕೆ ಆಗುತ್ತಿದ್ದವು. ಹೇರುವ ಎತ್ತಿಗೂ ಎಳೆಯುವ ಎತ್ತಿಗೂ ಬೇಕಾದ ಗುಣ ಬೇರೆಬೇರೆ. ಹೇರೆತ್ತಿಗೆ ಬೆನ್ನು ಗಟ್ಟಿಯಾಗಿರಬೇಕು, ಕಲ್ಲುದಾರಿಯಲ್ಲಿ ಎಡವದ ಕಾಲು ಬೇಕು, ಮಂದೆಯ ಜೊತೆ ಗಲಾಟೆಯಿಲ್ಲದೆ ನಡೆಯುವ ಸ್ವಭಾವ ಬೇಕು. ಎಳೆಯುವ ಎತ್ತಿಗೆ ಹೆಗಲು, ಎದೆಯ ಅಗಲ ಮತ್ತು ಗೊರಸು ಮುಖ್ಯ. ಎಲ್ಲಕ್ಕಿಂತ ಮುಖ್ಯವಾದದ್ದು ಜೊತೆಗಾರನೊಡನೆ ಹೊಂದಿಕೊಂಡು ನಡೆಯುವ ಗುಣ.

ಈ ತಿಳಿವಳಿಕೆಯನ್ನು ಒಂದು ಇಲಾಖೆಯ ಮಟ್ಟಕ್ಕೆ ಏರಿಸಿದವರು ಮೈಸೂರಿನ ಅರಸರು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ದನಗಳ ವ್ಯವಸ್ಥೆಯಾಗಿತ್ತು. ಅದನ್ನು ಸೈನ್ಯದ ಸಾಗಣೆಗೆ ತಿರುಗಿಸಿದವನು ಹೈದರ್ ಅಲಿ. ಟಿಪ್ಪು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟು, ದನಗಳ ಸಾಕಣೆ, ತರಬೇತಿಗಳಿಗೆ ಲಿಖಿತ ನಿಯಮಗಳನ್ನು ಹೊರಡಿಸಿದ. ಈ ತಳಿಯ ಬೇರು ಹಳ್ಳಿಕಾರ್ ದನಗಳಲ್ಲಿದೆ. ಹಳ್ಳಿಕಾರ್ ಎತ್ತಿನ ಮೈ ಬೂದು, ಹಣೆ ಉದ್ದ, ಕೊಂಬು ಹಿಂದಕ್ಕೆ ಬಾಗಿ ಮೇಲೇರಿ ಚೂಪಾಗಿ ನಿಲ್ಲುತ್ತವೆ. ಕಿವಿ ಚಿಕ್ಕದು, ಕಾಲು ಸಪೂರವಾದರೂ ಬಿಗಿ. ಗಾತ್ರದಲ್ಲಿ ಇದು ನೆರೆಯ ಆಂಧ್ರದ ಒಂಗೋಲು ಎತ್ತಿಗೆ ಸಮನಲ್ಲ. ಒಂಗೋಲು ಎತ್ತು ದೊಡ್ಡ ಭಾರವನ್ನು ನಿಧಾನವಾಗಿ ಎಳೆಯುತ್ತದೆ, ಕಪ್ಪು ಎರೆಮಣ್ಣಿನ ಆಳದ ಉಳುಮೆಗೆ ಅದು ಸರಿ. ಹಳ್ಳಿಕಾರ್ ಜೋಡಿ ಮಧ್ಯಮ ಭಾರವನ್ನು ಹೊತ್ತು ಬಿರುಸಾಗಿ, ದಣಿಯದೆ, ಕಡಿಮೆ ಮೇವಿನಲ್ಲಿ ನಡೆಯುತ್ತದೆ. ಏರುಪೇರಿನ ಕಲ್ಲುನೆಲಕ್ಕೆ ಬೇಕಾದದ್ದು ಅದೇ.

1781ರಲ್ಲಿ ಹೈದರ್ ತನ್ನ ಸೈನ್ಯವನ್ನು ಎರಡೂವರೆ ದಿನಗಳಲ್ಲಿ 100 ಮೈಲಿ ನಡೆಸಿ ಚಿದಂಬರಂನ ರಕ್ಷಣೆಗೆ ತಲುಪಿದ್ದು ಈ ಎತ್ತುಗಳ ಬಲದಿಂದ. ಎದುರಾಳಿಗಳಿಗೆ ಈ ಎತ್ತುಗಳ ಬೆಲೆ ತಿಳಿದದ್ದು ಹತ್ತು ವರ್ಷಗಳ ಬಳಿಕ. 1791ರ ಮಾರ್ಚ್‌ನಲ್ಲಿ ಬೆಂಗಳೂರನ್ನು ಹಿಡಿದ ಈಸ್ಟ್ ಇಂಡಿಯಾ ಕಂಪನಿಯ ಸೇನಾಪತಿ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿಗೆ ಹೋದ. ಯುದ್ಧದಲ್ಲಿ ಸೋಲಾಗಿರಲಿಲ್ಲ. ಆದರೆ ಅವನ ಸಾಗಣೆಯ ಎತ್ತುಗಳು ಮೇವಿಲ್ಲದೆ, ಮಳೆ ಮತ್ತು ರೋಗಕ್ಕೆ ಸಿಕ್ಕಿ ಸಾವಿರಗಟ್ಟಲೆ ಸತ್ತವು. ಕೋಟೆ ಒಡೆಯುವ ಭಾರಿ ಫಿರಂಗಿಗಳನ್ನು ಎಳೆಯುವವರಿಲ್ಲದೆ ಅವನ್ನು ಅಲ್ಲೇ ನಾಶಮಾಡಿ ಬೆಂಗಳೂರಿಗೆ ಹಿಂತಿರುಗಬೇಕಾಯಿತು. ಮೈಸೂರು ಯುದ್ಧಗಳ ಚರಿತ್ರೆಯಲ್ಲಿ ಕತ್ತಿ ಬಂದೂಕುಗಳಿಗೆ ಸಿಕ್ಕ ಜಾಗ ನೊಗಕ್ಕೆ ಸಿಕ್ಕಿಲ್ಲ. ಆ ವರ್ಷದ ಫಲಿತಾಂಶವನ್ನು ನಿರ್ಧರಿಸಿದ್ದು ಮಾತ್ರ ನೊಗವೇ.

ಅದೇ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಕಂಪನಿಯ ಸೈನ್ಯ ಮೇಜರ್ ಗೌಡಿಯ ನಾಯಕತ್ವದಲ್ಲಿ ನಂದಿದುರ್ಗಕ್ಕೆ ಮುತ್ತಿಗೆ ಹಾಕಿತು. ಅಲ್ಲಿ ಇನ್ನೊಂದು ತೊಡಕು ಎದುರಾಯಿತು. ಬಯಲಿನಲ್ಲಿ ಹತ್ತಾರು ಜೋಡಿ ಎತ್ತು ಕಟ್ಟಿ ಎಳೆಸಬಹುದಾದ ಫಿರಂಗಿಯನ್ನು ಕಡಿದಾದ ಬಂಡೆಯ ಮೇಲೆ ಎಳೆಸುವುದು ಸಾಧ್ಯವಾಗಲಿಲ್ಲ. ಉದ್ದನೆಯ ಸಾಲಿನಲ್ಲಿ ಕಟ್ಟಿದ ಎತ್ತುಗಳು ತಿರುವಿನಲ್ಲಿ ಒಂದೇ ದಿಕ್ಕಿಗೆ ಎಳೆಯಲಾರವು, ಒಂದು ಜೋಡಿ ಜಾರಿದರೆ ಇಡೀ ಸಾಲು ಹಿಂದಕ್ಕೆ ಸರಿಯುತ್ತದೆ. ದಾರಿ ಕಡಿದು, ಆನೆಗಳ ಬಲದಿಂದ ಫಿರಂಗಿಗಳನ್ನು ಮೇಲೆ ಸಾಗಿಸಲಾಯಿತು. ಆನೆಗಳಿಲ್ಲದಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ ಎಂದು ಆ ಕಾಲದ ಅಧಿಕಾರಿಗಳೇ ಬರೆದಿಟ್ಟಿದ್ದಾರೆ. ಸುಮಾರು ಮೂರು ವಾರಗಳ ಮುತ್ತಿಗೆಯ ನಂತರ ಅಕ್ಟೋಬರ್ 19ರ ಬೆಳಗಿನ ಜಾವ ಕೋಟೆ ಬಿತ್ತು. ಬಯಲಿಗೆ ಎತ್ತು, ಬಂಡೆಗೆ ಆನೆ: ಎಳೆಯುವ ಪ್ರಾಣಿಯನ್ನು ನೆಲ ನೋಡಿ ಆರಿಸಬೇಕೆಂಬುದಕ್ಕೆ ಈ ಸೀಮೆಯ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ.

1799ರ ನಂತರ ಅಮೃತಮಹಲ್ ಹಿಂಡುಗಳು ಬ್ರಿಟಿಷರ ಕೈಸೇರಿದವು. ಮೊದಲು ನಿರ್ಲಕ್ಷ್ಯದಿಂದ ಹಿಂಡು ಕ್ಷೀಣಿಸಿತು, ಆಮೇಲೆ ಸೈನ್ಯವೇ ಅದರ ಮೇಲ್ವಿಚಾರಣೆ ವಹಿಸಿಕೊಂಡಿತು. ಪೇಶ್ವೆಯನ್ನು ಬೆನ್ನಟ್ಟಿದ ಜನರಲ್ ಪ್ರಿಟ್ಜ್ಲರ್‌ನ ದಂಡು 25 ದಿನಗಳಲ್ಲಿ 346 ಮೈಲಿ ನಡೆದದ್ದು ಇದೇ ಎತ್ತುಗಳಿಂದ. ಬೇಸಿಗೆ, ಮಳೆಗಾಲ, ಚಳಿಗಾಲಗಳಲ್ಲಿ ಹಿಂಡು ಮೇಯಲು ಬೇರೆಬೇರೆ ಕಾವಲುಗಳಿದ್ದವು. ಐದು ವರ್ಷ ತುಂಬಿದ ಎತ್ತು ಸೇವೆಗೆ ಹೋಗುತ್ತಿತ್ತು, ಹನ್ನೆರಡರವರೆಗೆ ಪೂರ್ಣ ಬಲದಲ್ಲಿ ದುಡಿಯುತ್ತಿತ್ತು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಇಲಾಖೆಯನ್ನು ಮುಚ್ಚಿ ಹಿಂಡುಗಳನ್ನು ಮಾರಲಾಯಿತು. ಅದು ಅವಿವೇಕವೆಂದು ಬೇಗನೆ ಗೊತ್ತಾಯಿತು. ಫಿರಂಗಿ ಎಳೆಯುವಂಥ ಎತ್ತು ಬೇರೆಲ್ಲೂ ಸಿಗದೆ 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು.

ರೈತರ ಪಾಲಿಗೆ ಆಯ್ಕೆಯ ಸ್ಥಳ ದನಗಳ ಜಾತ್ರೆ. ಪುಷ್ಯಮಾಸದಲ್ಲಿ ಘಾಟಿ ಸುಬ್ರಹ್ಮಣ್ಯ, ಶಿವರಾತ್ರಿಯ ಹೊತ್ತಿಗೆ ನಂದಿಯ ಭೋಗನಂದೀಶ್ವರ ದೇವಸ್ಥಾನದ ಸುತ್ತ ಮತ್ತು ಮುಳಬಾಗಿಲಿನ ಆವನಿ ಈ ಭಾಗದ ಹೆಸರಾದ ಜಾತ್ರೆಗಳು. ಸುಗ್ಗಿ ಮುಗಿದು ಕೈಯಲ್ಲಿ ಹಣವಿರುವ, ಮುಂಗಾರಿಗೆ ಇನ್ನೂ ಸಮಯವಿರುವ ತಿಂಗಳುಗಳಲ್ಲೇ ಇವು ಸೇರುತ್ತಿದ್ದುದಕ್ಕೆ ಕಾರಣವಿದೆ. ಹೊಸ ಜೋಡಿಯನ್ನು ಪಳಗಿಸಲು ಎರಡು ಮೂರು ತಿಂಗಳಾದರೂ ಬೇಕು.

ಜಾತ್ರೆಯಲ್ಲಿ ಎತ್ತು ನೋಡುವ ಕ್ರಮಕ್ಕೆ ಒಂದು ನಿಯಮವಿತ್ತು. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಹಾಲುಹಲ್ಲು ಬಿದ್ದು ಎರಡು ಹಲ್ಲು ಬಂದರೆ ಎರಡು ಎರಡೂವರೆ ವರ್ಷ, ನಾಲ್ಕು ಹಲ್ಲಿಗೆ ಮೂರರ ಆಸುಪಾಸು, ಆರು ಹಲ್ಲಿಗೆ ನಾಲ್ಕು, ಎಂಟೂ ಬಂದು ಬಾಯಿಗೂಡಿದರೆ ಐದು. ಎರಡು ಹಲ್ಲಿನ ಹೋರಿಯ ಮೇಲೆ ಭಾರ ಹಾಕಿದರೆ ಹೆಗಲು ಕೆಟ್ಟುಹೋಗುತ್ತದೆ. ಬಾಯಿಗೂಡಿ ಹಲ್ಲು ಸವೆದದ್ದಕ್ಕೆ ಹೊಸ ಕೆಲಸ ಕಲಿಸುವುದು ಕಷ್ಟ. ನಾಲ್ಕು ಹಲ್ಲಿನ ಜೋಡಿಗೆ ಯಾವತ್ತೂ ಬೇಡಿಕೆ. ಆಮೇಲೆ ಗೊರಸು ಒಡೆದಿದೆಯೇ, ನಡೆಯುವಾಗ ಹಿಂಗಾಲು ಒಂದಕ್ಕೊಂದು ತಾಗುತ್ತವೆಯೇ, ಹೆಗಲಲ್ಲಿ ಹಳೆಯ ಗಾಯದ ಗಂಟಿದೆಯೇ ಎಂದು ಕೈಯಾಡಿಸಿ ನೋಡುತ್ತಾರೆ. ಮೈಮೇಲಿನ ಸುಳಿ ನೋಡುವವರೂ ಇದ್ದರು. ಒಳ್ಳೆಯ ಸುಳಿ ಮನೆಗೆ ಏಳಿಗೆ, ಕೆಟ್ಟ ಸುಳಿ ಕೇಡು ಎಂಬ ನಂಬಿಕೆಯಿಂದ ಗಟ್ಟಿಮುಟ್ಟಾದ ಎಷ್ಟೋ ಎತ್ತುಗಳು ಅಗ್ಗಕ್ಕೆ ಹೋದವು. ಬೆಲೆ ಮಾತ್ರ ಬಾಯಲ್ಲಿ ಆಡುವಂತಿರಲಿಲ್ಲ. ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಒತ್ತಿ ಕೇಳುತ್ತಿದ್ದ, ಮಾರುವವನೂ ಬೆರಳಿನಲ್ಲೇ ಉತ್ತರ ಕೊಡುತ್ತಿದ್ದ. ಸುತ್ತ ನಿಂತವರಿಗೆ ಗೊತ್ತಾಗುತ್ತಿದ್ದುದು ತಲೆ ಅಲ್ಲಾಡಿಸಿದ್ದಷ್ಟೇ.

ಒಂಟಿ ಎತ್ತು ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಸರಿಜೋಡಿ ಸಿಗದಿದ್ದರೆ ಪ್ರಯೋಜನವಿಲ್ಲ. ಎತ್ತರ, ನಡಿಗೆ, ಸ್ವಭಾವ ಮೂರೂ ಹೊಂದಬೇಕು. ಒಂದು ಗಿಡ್ಡವಾದರೆ ನೊಗ ಓರೆಯಾಗಿ ಭಾರವೆಲ್ಲ ಅದರ ಹೆಗಲಿಗೆ ಬೀಳುತ್ತದೆ, ಒಂದು ಚುರುಕಾಗಿ ಇನ್ನೊಂದು ಸೋಮಾರಿಯಾದರೆ ಬಂಡಿ ಓರೆಗೆ ಎಳೆಯುತ್ತದೆ. ಎಡಗೋಲಿಗೆ ಪಳಗಿದ ಎತ್ತನ್ನು ಬಲಗೋಲಿಗೆ ಕಟ್ಟಿದರೆ ಅದು ದಾರಿಯುದ್ದಕ್ಕೂ ತಕರಾರು ಮಾಡುತ್ತದೆ.

ಬಂಡಿ ಹೇರುವುದು ಇದರಷ್ಟೇ ಸೂಕ್ಷ್ಮವಾದ ಕೆಲಸ. ಎರಡು ಗಾಲಿಯ ಬಂಡಿಯಲ್ಲಿ ಭಾರ ಅಚ್ಚಿನ ಮೇಲೆ, ಕೂದಲೆಳೆಯಷ್ಟು ಮುಂದಕ್ಕೆ ಇರಬೇಕು. ಮುಂಭಾರ ಹೆಚ್ಚಾದರೆ ನೊಗ ಹೆಗಲನ್ನು ಒತ್ತಿ ಎತ್ತು ಬಾಗುತ್ತದೆ. ಹಿಂಭಾರವಾದರೆ ಮೂಕಿ ಮೇಲೆದ್ದು, ಕೊರಳ ಹಗ್ಗ ಗಂಟಲನ್ನು ಬಿಗಿದು ಉಸಿರು ಕಟ್ಟಿಸುತ್ತದೆ. ಏರುದಾರಿ ಬಂದಾಗ ಭಾರ ಹಿಂದಕ್ಕೆ ವಾಲುವುದರಿಂದ ಬಂಡಿಯವನು ಮೂಕಿಯ ಮೇಲೆ ಮುಂದಕ್ಕೆ ಸರಿದು ಕೂರುತ್ತಾನೆ, ಇಳುಕಲಿನಲ್ಲಿ ಹಿಂದಕ್ಕೆ ಹೋಗುತ್ತಾನೆ ಇಲ್ಲವೇ ಇಳಿದು ನಡೆಯುತ್ತಾನೆ. ಬ್ರೇಕ್ ಇಲ್ಲದ ಬಂಡಿಯನ್ನು ಇಳುಕಲಿನಲ್ಲಿ ತಡೆದು ನಿಲ್ಲಿಸುವುದು ಎತ್ತಿನ ಕೊರಳೇ. ಭಾರ ಹೆಚ್ಚಿದ್ದರೆ ಗಾಲಿಗೆ ಮರ ಒತ್ತಿ ಹಿಡಿಯುವುದು, ಹಿಂದೆ ದಿಮ್ಮಿ ಕಟ್ಟಿ ಎಳೆಸುವುದು ರೂಢಿ. ಏರುವ ಬಲಕ್ಕಿಂತ ಇಳಿಯುವಾಗ ತಡೆಯುವ ಬಲವನ್ನೇ ಬಲ್ಲವರು ಮೊದಲು ಪರೀಕ್ಷಿಸುತ್ತಿದ್ದರು. ಜಾತ್ರೆಯಲ್ಲಿ ಗಾಲಿ ಕಟ್ಟಿದ ಬಂಡಿಗೆ ಹೂಡಿ ಎಳೆಸಿ ನೋಡುವವರು ಬಹಳ ಮಂದಿ. ಹಿಂದಕ್ಕೆ ನಡೆಸಿ ನೋಡುವವರು ಕಡಿಮೆ, ಅವರಿಗೇ ಒಳ್ಳೆಯ ಜೋಡಿ ಸಿಗುತ್ತಿತ್ತು.

ಮೈಸೂರಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್‌ನ ಆಡಳಿತದಲ್ಲಿ (1834–1861) ಸಂಸ್ಥಾನದಲ್ಲಿ ಸುಮಾರು 1,600 ಮೈಲಿ ರಸ್ತೆ ಆಯಿತು. ರಸ್ತೆ ಬಂದಂತೆ ಹೇರೆತ್ತು ಹಿಂದೆ ಸರಿದು ಕಬ್ಬಿಣದ ಪಟ್ಟಿಯ ಬಂಡಿ ಮುಂದೆ ಬಂತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರ, ಅಲ್ಲಿಂದ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಕಡೆಗೆ ಚಿಕ್ಕ ಗೇಜಿನ ರೈಲು ಬಂತು. ದೂರದ ಸಾಗಣೆ ರೈಲಿಗೆ ಹೋಗಿ, ಬಂಡಿಗೆ ಊರಿನಿಂದ ಸ್ಟೇಷನ್ನಿನವರೆಗಿನ ದಾರಿ ಉಳಿಯಿತು. ಆಮೇಲೆ ಬಂದ ಟೈರ್ ಗಾಡಿಯಲ್ಲಿ ಅದೇ ಜೋಡಿ ಹಿಂದಿಗಿಂತ ಹೆಚ್ಚು ಭಾರ ಎಳೆಯಬಲ್ಲದ್ದಾಯಿತು.

ಎತ್ತನ್ನು ಹಿಂದಕ್ಕೆ ಸರಿಸಿದ್ದು ಎಂಜಿನ್ ಒಂದೇ ಅಲ್ಲ. ಕೊಳವೆಬಾವಿ ಬಂದು ಕಪಿಲೆ ನಿಂತಿತು. ಕೋಲಾರ ಹಾಲು ಒಕ್ಕೂಟದ ಡೈರಿಗಳು ಊರೂರಿಗೂ ಬಂದು ಮಿಶ್ರತಳಿಯ ಹಸುಗಳು ಹೆಚ್ಚಿದವು. ಅವುಗಳ ಗಂಡುಕರುವಿಗೆ ನೊಗಕ್ಕೆ ಬೇಕಾದ ಹಿಣಿಲೂ ಇಲ್ಲ, ಬಿಸಿಲಿನ ತಾಳಿಕೆಯೂ ಇಲ್ಲ. ರೇಷ್ಮೆಗೂಡು, ಟೊಮ್ಯಾಟೊ, ಹೂವುಗಳಂಥ ಬೆಳೆಗಳಿಗೆ ಗಂಟೆಗಳ ಲೆಕ್ಕದಲ್ಲಿ ಮಾರುಕಟ್ಟೆ ಮುಟ್ಟುವ ವಾಹನ ಬೇಕಾಯಿತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆಯೇ ಗೂಡು ತಲುಪಬೇಕು, ಎತ್ತಿನ ನಡಿಗೆ ಅದಕ್ಕೆ ಸಾಲದು. 1986ರಲ್ಲಿ ಟಾಟಾ 407, 2005ರಲ್ಲಿ ಟಾಟಾ ಏಸ್, ಜೊತೆಗೆ ಮಹೀಂದ್ರದ ಪಿಕಪ್‌ಗಳು ಈ ಜಾಗವನ್ನು ತುಂಬಿದವು.

ವಾಹನ ಬದಲಾದರೂ ಕೇಳಬೇಕಾದ ಪ್ರಶ್ನೆಗಳು ಅವೇ ಉಳಿದಿವೆ. ಹಿಂದೆ ಟ್ರೇಲರ್ ಕಟ್ಟುವ ಪಿಕಪ್ ಆಗಲಿ ಟ್ರ್ಯಾಕ್ಟರ್ ಆಗಲಿ, ಕೊಂಡಿಯ ಮೇಲೆ ಬೀಳುವ ಭಾರ ಅತಿಯಾದರೆ ಮುಂದಿನ ಚಕ್ರ ನೆಲ ಬಿಡುವಂತಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ, ಕಡಿಮೆಯಾದರೆ ಟ್ರೇಲರ್ ಹಿಂದೆ ಹಾವಿನಂತೆ ಹೊರಳಾಡುತ್ತದೆ. ಇಳುಕಲಿನಲ್ಲಿ ಹಿಂದಿನ ಭಾರ ಮುಂದಿನ ಗಾಡಿಯನ್ನು ತಳ್ಳುವಾಗ ನೆರವಿಗೆ ಬರುವುದು ಚಿಕ್ಕ ಗೇರ್ ಮತ್ತು ಬ್ರೇಕ್. ಎಂಜಿನ್ನಿನ ಅಶ್ವಶಕ್ತಿಯ ಅಂಕಿ ಆಗ ಕೆಲಸಕ್ಕೆ ಬಾರದು. ಮುಂಭಾರ ಹಿಂಭಾರದ ಲೆಕ್ಕ ಬಲ್ಲ ಹಳೆಯ ಬಂಡಿಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ತಿಳಿವಳಿಕೆ ಬರಹಕ್ಕೆ ಇಳಿಯುವ ಮೊದಲೇ ಅವರು ಕಡಿಮೆಯಾಗುತ್ತಿರುವುದು ಈ ಸೀಮೆಗೆ ನಿಜವಾದ ನಷ್ಟ.

ಅಂಬಾಜಿದುರ್ಗದ ಬುಡದ ಹಳ್ಳಿಗಳಲ್ಲಿ ಈಗ ಮನೆಮುಂದೆ ನಿಂತಿರುವುದು ಹೆಚ್ಚಾಗಿ ಟ್ರ್ಯಾಕ್ಟರ್ ಇಲ್ಲವೇ ಪಿಕಪ್. ಘಾಟಿಯ ಜಾತ್ರೆಗೆ ಹಳ್ಳಿಕಾರ್ ಜೋಡಿಗಳು ಇನ್ನೂ ಬರುತ್ತವೆ. ಅವುಗಳಲ್ಲಿ ಎಷ್ಟೋ ಜೋಡಿಗಳನ್ನು ಕರೆತರುವುದು ಪಿಕಪ್‌ಗಳಲ್ಲೇ.