ಮರುಭೂಮಿಯಲ್ಲಿ ನಿಂತ ಯುದ್ಧವಿಮಾನಗಳೆಲ್ಲ ಗುಜರಿಯೇ?

ಬಯಲಲ್ಲಿ ಸಾಲುಗಟ್ಟಿ ನಿಂತ ಸಾವಿರಾರು ಸೇನಾ ವಿಮಾನಗಳ ಚಿತ್ರ, ಕೆಳಗೆ ‘ವಿಮಾನಗಳ ಸ್ಮಶಾನ’ ಎಂಬ ಬರಹ. ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಜಾಗ ನಿಜ: ಅಮೆರಿಕದ ಅರಿಜೋನಾದಲ್ಲಿ, ಟೂಸಾನ್ ನಗರದ ಡೇವಿಸ್-ಮಾಂಥನ್ ವಾಯುನೆಲೆ. ‘ಸ್ಮಶಾನ’ ಮಾತ್ರ ಅರ್ಧಸತ್ಯ.

ಎರಡನೇ ಮಹಾಯುದ್ಧದಲ್ಲಿ ಬಳಸಿ ಉಳಿದ ಬಿ-29 ಬಾಂಬರ್‌ಗಳನ್ನು 1946ರಲ್ಲಿ ಇಲ್ಲಿಗೆ ತಂದದ್ದು ಹವೆ ಮತ್ತು ಮಣ್ಣು ನೋಡಿ. ಮಳೆ, ತೇವ ಎರಡೂ ಕಡಿಮೆ, ಹಾಗಾಗಿ ತುಕ್ಕು ನಿಧಾನ. ಮರುಭೂಮಿ ಎಂದರೆ ಮರಳು ಎಂದುಕೊಳ್ಳಬೇಡಿ. ಇಲ್ಲಿನ ನೆಲ ಸುಣ್ಣದಂಶದಿಂದ ಎಷ್ಟು ಗಟ್ಟಿಯೆಂದರೆ, ಕಾಂಕ್ರೀಟ್ ಹಾಕದೆಯೇ ಭಾರೀ ವಿಮಾನ ನಿಲ್ಲಿಸಬಹುದು. ಇಂಧನ ತೆಗೆದು, ಕೊಳವೆಗಳಲ್ಲಿ ತೆಳು ಎಣ್ಣೆ ಹರಿಸಿ, ಸಂದುಗಳನ್ನು ಮುಚ್ಚಿ, ಬಿಸಿಲು ತಡೆಯುವ ಬಿಳಿ ಲೇಪ ಬಳಿಯುತ್ತಾರೆ. ಗುಜರಿಗೆ ಯಾರು ಇಷ್ಟು ಉಪಚಾರ ಮಾಡುತ್ತಾರೆ?

ಹಲವು ವಿಮಾನಗಳ ಬಿಡಿಭಾಗಗಳು ಇನ್ನೂ ಹಾರುತ್ತಿರುವ ವಿಮಾನಗಳಿಗೆ ಹೋಗುತ್ತವೆ. ಕೆಲವು ಎಫ್-16ಗಳು ಪೈಲಟ್ ಇಲ್ಲದೆ ಹಾರುವ ಗುರಿವಿಮಾನಗಳಾಗಿವೆ. 2008ರಲ್ಲಿ ಬಂದಿದ್ದ ‘ಘೋಸ್ಟ್ ರೈಡರ್’ ಹೆಸರಿನ ಬಿ-52 ಬಾಂಬರ್ 2015ರಲ್ಲಿ ಮತ್ತೆ ಹಾರಿ ಸೇವೆಗೆ ಮರಳಿತು.

ನಿಜಕ್ಕೂ ಸತ್ತವೂ ಇವೆ. 1991ರ ಅಣ್ವಸ್ತ್ರ ಕಡಿತ ಒಪ್ಪಂದದಂತೆ ನೂರಾರು ಹಳೆಯ ಬಿ-52ಗಳನ್ನು ಇಲ್ಲಿ ಕತ್ತರಿಸಿ, ತುಂಡುಗಳನ್ನು ಬಯಲಲ್ಲೇ ಬಿಟ್ಟಿದ್ದರು, ರಷ್ಯಾದ ಉಪಗ್ರಹಗಳು ನೋಡಿ ಖಚಿತಪಡಿಸಿಕೊಳ್ಳಲಿ ಎಂದು.