ಕಟ್ಟಡದೊಳಗಿನ ಹೊಲ: ನೂರು ವರ್ಷದ ಕನಸು, ಕರೆಂಟ್ ಬಿಲ್ಲಿನ ಲೆಕ್ಕ

ಇವತ್ತಿನ ಎಪಿಸೋಡ್ ಶುರುವಾಗಿದ್ದು ಒಂದು ಎಕ್ಸೆಲ್ ಶೀಟ್‌ನಿಂದ. ಕಾಲೇಜು ಗೆಳೆಯ ಕಳಿಸಿದ್ದ. ಬೆಂಗಳೂರಲ್ಲಿ ಗೋಡೌನ್ ಬಾಡಿಗೆಗೆ ಹಿಡಿದು, ರ‍್ಯಾಕ್ ಮೇಲೆ ರ‍್ಯಾಕ್ ಜೋಡಿಸಿ, ಎಲ್‌ಇಡಿ ಬೆಳಕಲ್ಲಿ ಲೆಟಿಸ್ ಬೆಳೆಯೋ ಪ್ಲಾನ್. "ಮೂರು ಲಕ್ಷ ಹಾಕು ಮಗಾ, ಪಾರ್ಟ್ನರ್ ಆಗು" ಅಂದ. ಮೂರು ಲಕ್ಷ ಅಂದ್ರೆ ನನ್ನ ಉಳಿತಾಯ ಅಷ್ಟೂ. ಬಿ.ಕಾಂ ಓದಿದವನಿಗೆ ದುಡ್ಡು ಹಾಕೋ ಮೊದಲು ಹಳೇ ಲೆಡ್ಜರ್ ನೋಡೋ ಚಟ. ಹಾಗಾಗಿ ಈ ವರ್ಟಿಕಲ್ ಫಾರ್ಮಿಂಗ್‌ನ ಹಳೇ ಪುಟಗಳನ್ನ ತಿರುವಿ ಹಾಕಿದೆ.

ಮೊದಲ ಪುಟ 1909. ನ್ಯೂಯಾರ್ಕ್‌ನ 'ಲೈಫ್' ಅನ್ನೋ ಹಾಸ್ಯ ಪತ್ರಿಕೆಯಲ್ಲಿ ಒಂದು ವ್ಯಂಗ್ಯಚಿತ್ರ ಬಂತು. ಎತ್ತರದ ಉಕ್ಕಿನ ಕಟ್ಟಡ, ಅದರ ಒಂದೊಂದು ಮಹಡಿಯಲ್ಲೂ ಒಂದೊಂದು ತೋಟದ ಮನೆ. ಆಗ ಅದು ಬರೀ ತಮಾಷೆ.

1930ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕ್ ಮಣ್ಣೇ ಇಲ್ಲದೆ, ಪೋಷಕಾಂಶ ಬೆರೆಸಿದ ನೀರಲ್ಲಿ ಟೊಮ್ಯಾಟೊ ಬೆಳೆದು ತೋರಿಸಿದರು. 'ಹೈಡ್ರೋಪೋನಿಕ್ಸ್' ಅನ್ನೋ ಹೆಸರು ಚಾಲ್ತಿಗೆ ಬಂದಿದ್ದು ಅವರಿಂದಲೇ. ಇದು ಮೊದಲು ಕೆಲಸಕ್ಕೆ ಬಂದ ಜಾಗಗಳಲ್ಲಿ ಒಂದು ಪೆಸಿಫಿಕ್ ಸಾಗರದ ನಡುವಿನ ವೇಕ್ ದ್ವೀಪ. ಪ್ಯಾನ್ ಅಮೆರಿಕನ್ ಕಂಪನಿಯ ವಿಮಾನಗಳು ದಾರಿಯಲ್ಲಿ ಅಲ್ಲಿ ಇಳೀತಿದ್ವು. ಬೇಸಾಯಕ್ಕೆ ತಕ್ಕ ಮಣ್ಣಿಲ್ಲ, ಸೊಪ್ಪು ತರಕಾರಿ ಸಾವಿರಾರು ಕಿಲೋಮೀಟರ್ ದೂರದಿಂದ ಬರಬೇಕು. ಅಂಥ ಕಡೆ ನೀರಲ್ಲಿ ಬೆಳೆಯೋದೇ ಅಗ್ಗ. ಈ ದ್ವೀಪಾನ ನೆನಪಿಟ್ಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಆಮೇಲೆ 1999. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಡಿಕ್ಸನ್ ಡೆಸ್ಪೋಮಿಯರ್ ಅವರ ಕ್ಲಾಸಿನ ವಿದ್ಯಾರ್ಥಿಗಳು ಒಂದು ಲೆಕ್ಕ ಹಾಕಿದರು. ಮ್ಯಾನ್‌ಹಟನ್‌ನ ತಾರಸಿಗಳ ಮೇಲೆಲ್ಲ ಬೆಳೆ ಬೆಳೆದರೂ ಅಲ್ಲಿನ ಶೇ. 2ರಷ್ಟು ಜನಕ್ಕೆ ಮಾತ್ರ ಊಟ ಸಿಗುತ್ತೆ ಅಂತ ಗೊತ್ತಾಯ್ತು. ತಾರಸಿ ಸಾಲದಿದ್ರೆ ಕಟ್ಟಡದ ಒಳಗೇ ಬೆಳೆಯೋಣ ಅಂದ್ರು ಮೇಷ್ಟ್ರು. 2010ರಲ್ಲಿ ಅವರ 'ದಿ ವರ್ಟಿಕಲ್ ಫಾರ್ಮ್' ಪುಸ್ತಕ ಬಂತು. 1909ರ ತಮಾಷೆ ನೂರು ವರ್ಷ ಆದಮೇಲೆ ಬಿಸಿನೆಸ್ ಪ್ಲಾನ್ ಆಯ್ತು.

ಕನಸಲ್ಲಿ ಹುರುಳಿಲ್ಲ ಅಂತಲ್ಲ. ನೀರು ಸುತ್ತಿ ಸುತ್ತಿ ಮತ್ತೆ ಬಳಕೆಯಾಗೋದ್ರಿಂದ ಹೊಲಕ್ಕಿಂತ ತುಂಬಾ ಕಮ್ಮಿ ಸಾಕು. 2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಅದರ ಬೆಲೆ ಗೊತ್ತು. ಕೀಟನಾಶಕದ ಅಗತ್ಯ ಇಲ್ಲ ಅನ್ನೋಷ್ಟು ಕಮ್ಮಿ. ಮಳೆ ಕೈಕೊಟ್ಟರೂ ಬೆಳೆ ಬರುತ್ತೆ. ಬೆಳಗ್ಗೆ ಕೊಯ್ದ ಸೊಪ್ಪು ಮಧ್ಯಾಹ್ನಕ್ಕೆ ಅಂಗಡಿಯಲ್ಲಿ.

ಹಾಗಾಗಿ ದುಡ್ಡು ಹರಿದು ಬಂತು. 2017ರಲ್ಲಿ 'ಪ್ಲೆಂಟಿ' ಕಂಪನಿಗೆ ಸಾಫ್ಟ್‌ಬ್ಯಾಂಕ್ ನೇತೃತ್ವದಲ್ಲಿ 20 ಕೋಟಿ ಡಾಲರ್. 2021ರಲ್ಲಿ 'ಬೋವರಿ' ಕಂಪನಿಯ ಮೌಲ್ಯ 230 ಕೋಟಿ ಡಾಲರ್. ಆಗ ಬಡ್ಡಿ ಅಗ್ಗ. 2022ರಲ್ಲಿ ಬಡ್ಡಿ ಏರಿತು, ಯುರೋಪಲ್ಲಿ ಕರೆಂಟ್ ರೇಟೂ ಏರಿತು. ಬರ್ಲಿನ್‌ನ 'ಇನ್‌ಫಾರ್ಮ್' ಆ ವರ್ಷವೇ ಸುಮಾರು 500 ಜನರನ್ನ ಮನೆಗೆ ಕಳಿಸಿತು. 2023ರಲ್ಲಿ 'ಏರೋಫಾರ್ಮ್ಸ್' ದಿವಾಳಿ ಅರ್ಜಿ ಹಾಕಿತು. 2024ರಲ್ಲಿ ಬೋವರಿ ಬಾಗಿಲು ಮುಚ್ಚಿತು. 2025ರಲ್ಲಿ ಪ್ಲೆಂಟಿ ಕೂಡ ದಿವಾಳಿ ಅರ್ಜಿ ಹಾಕಿ, ಆಮೇಲೆ ಸ್ಟ್ರಾಬೆರಿ ನೆಚ್ಚಿಕೊಂಡು ಎದ್ದು ನಿಂತಿತು.

ಯಾಕೆ ಹೀಗಾಯ್ತು? ಹೊಲದಲ್ಲಿ ಸೂರ್ಯ ಬಿಲ್ ಕಳಿಸಲ್ಲ. 2021ರ ಒಂದು ಉದ್ಯಮ ಸಮೀಕ್ಷೆ ಪ್ರಕಾರ ವರ್ಟಿಕಲ್ ಫಾರ್ಮ್‌ನಲ್ಲಿ ಒಂದು ಕೆಜಿ ಬೆಳೆಗೆ ಸರಾಸರಿ 38.8 ಯೂನಿಟ್ ಕರೆಂಟ್ ಬೇಕು. ಬಿಸಿಲು ಬಳಸೋ ಗ್ರೀನ್‌ಹೌಸ್‌ಗೆ 5.4 ಸಾಕು. ಯೂನಿಟ್‌ಗೆ 8 ರೂಪಾಯಿ ಅಂತ ಇಟ್ಕೊಳ್ಳಿ. ಒಂದು ಕೆಜಿ ಸೊಪ್ಪಿಗೆ ಬರೀ ಕರೆಂಟೇ 310 ರೂಪಾಯಿ. ಬಾಡಿಗೆ, ಸಂಬಳ, ಸಾಲದ ಕಂತು ಇನ್ನೂ ಸೇರಿಸಿಲ್ಲ.

ಅದಕ್ಕೇ ಎಲ್ಲರೂ ಲೆಟಿಸ್ ಬೆಳೆದಿದ್ದು. ಬೇಗ ಕೊಯ್ಲಿಗೆ ಬರುತ್ತೆ, ಎಲೆಯೆಲ್ಲ ಮಾರಾಟ ಆಗುತ್ತೆ. ಗೋಧಿ? 2020ರಲ್ಲಿ ಬಂದ ಒಂದು ಅಧ್ಯಯನದ ಲೆಕ್ಕದಲ್ಲಿ, 10 ಪದರದ ಫಾರ್ಮ್ ಅಷ್ಟೇ ಜಾಗದಲ್ಲಿ ಹೊಲಕ್ಕಿಂತ 220ರಿಂದ 600 ಪಟ್ಟು ಗೋಧಿ ಕೊಡಬಲ್ಲದು. ಆದ್ರೆ ಕೃತಕ ಬೆಳಕಿನ ಖರ್ಚಲ್ಲಿ ಅದು ಮಾರುಕಟ್ಟೆಯಲ್ಲಿ ನಿಲ್ಲಲ್ಲ ಅಂತಲೂ ಅದೇ ಅಧ್ಯಯನ ಹೇಳುತ್ತೆ. ಅಂದ್ರೆ ಇದು ಸಲಾಡ್ ಕೊಡಬಹುದು, ಊಟ ಕೊಡೋದು ಕಷ್ಟ.

ಈಗ ಆ ದ್ವೀಪಕ್ಕೆ ಬರೋಣ. ಬೇರೆ ದಾರಿ ಇನ್ನೂ ದುಬಾರಿ ಆಗಿರೋ ಕಡೆ ಈ ಬೇಸಾಯ ಗೆಲ್ಲುತ್ತೆ. ಇವತ್ತಿನ ವೇಕ್ ದ್ವೀಪ ಅಂದ್ರೆ ಸಿಂಗಾಪುರ ಅಂತ ನಾನು ಅಂದ್ಕೊಂಡಿದ್ದೆ. ಜಾಗ ಇಲ್ಲ, ಆಹಾರದಲ್ಲಿ ಶೇ. 90ಕ್ಕೂ ಹೆಚ್ಚು ಆಮದು. 2030ರ ಹೊತ್ತಿಗೆ ಶೇ. 30ರಷ್ಟು ಪೋಷಣೆಯ ಅಗತ್ಯವನ್ನ ಅಲ್ಲೇ ಪೂರೈಸೋ ಗುರಿ ಇಟ್ಟಿದ್ರು. ಆ ಗುರಿಯನ್ನ 2025ರಲ್ಲಿ ಕೈಬಿಟ್ಟು, 2035ಕ್ಕೆ ಬೇರೆ ಗುರಿ ಹಾಕ್ಕೊಂಡ್ರು. ಪಕ್ಕದ ಮಲೇಷ್ಯಾದಿಂದ ಸೊಪ್ಪು ಲಾರಿಯಲ್ಲೇ ಬರುತ್ತಲ್ಲ!

ನಮ್ಮ ಬೆಂಗಳೂರಂತೂ ದ್ವೀಪ ಅಲ್ಲ. ಸುತ್ತ ಕೋಲಾರ, ಮಾಲೂರು, ಹೊಸಕೋಟೆ. ವರ್ಷಪೂರ್ತಿ ಬಿಸಿಲು.

ಮತ್ತೆ ಗೆಳೆಯನ ಶೀಟ್ ತೆಗೆದೆ. ಕರೆಂಟ್‌ಗೆ ಅಂತ ಬೇರೆ ಕಾಲಂ ಇರಲಿಲ್ಲ, 'ಇತರೆ ಖರ್ಚು' ಒಳಗೆ ಸೇರಿಹೋಗಿತ್ತು. ದುಡ್ಡು ಹಾಕಲ್ಲ ಅಂದೆ. "ನೀನು ಫ್ರೆಂಡಾ, ಆಡಿಟರಾ?" ಅಂತ ಫೋನಿಟ್ಟ. ಮೂರು ವಾರ ಮಾತಿಲ್ಲ. ನಂಗೂ ನಿದ್ದೆ ಸರಿ ಬರಲಿಲ್ಲ ಬಿಡಿ.

ಮೊನ್ನೆ ಮೆಸೇಜ್ ಬಂತು: "ಕರೆಂಟ್ ಕಾಲಂ ಹಾಕಿದೀನಿ. ಗೋಡೌನ್ ಬೇಡ, ಬಿಸಿಲು ಬೀಳೋ ಪಾಲಿಹೌಸ್ ನೋಡ್ತಿದೀನಿ. ಸಂಡೇ ಬಾ." ಹೋಗ್ತಿದೀನಿ. ದುಡ್ಡಿನ ವಿಷಯ ಶೀಟ್ ನೋಡಿದಮೇಲೆ.

ನಿಮಗೂ ಯಾರಾದ್ರೂ ಇಂಥ ಪ್ಲಾನ್ ತಂದ್ರೆ, ಮೊದಲು ಕರೆಂಟ್ ಕಾಲಂ ಎಲ್ಲಿ ಅಂತ ಕೇಳಿ. ಮುಂದಿನ ವಾರ ಸಿಗೋಣ.